ಕಣ್ಣಿಗೆ ಕಟ್ಟಿದ ಫೋನು, ಕೈಗೆ ಬಾರದ ಆಟ

(ಅಡಿಕೆ ಸುಲಿಯುವ ಕಾಲ. ತರೀಕೆರೆ ಪೇಟೆಯಿಂದ ತುಸು ಆಚೆಗಿನ ತೋಟದ ಮನೆ. ಬೆಂಗಳೂರಿನ ಗೇಮ್ ಸ್ಟುಡಿಯೊ ಒಂದರಲ್ಲಿ ಟೆಸ್ಟಿಂಗ್ ಕೆಲಸದಲ್ಲಿರುವ ಅಕ್ಕ ರಜೆಗೆ ಬಂದಿದ್ದಾಳೆ. ತಮ್ಮ ಡಿಪ್ಲೊಮಾ ಓದುತ್ತಿದ್ದಾನೆ.)

ತಮ್ಮ: ಅಕ್ಕಾ, ಒಂದು ವಿಷಯ ಕೇಳ್ತೀನಿ, ಅಮ್ಮನಿಗೆ ಹೇಳಬಾರದು. ಈ ಸಲ ಸುಲಿದ ದುಡ್ಡಲ್ಲಿ ಒಂದು ವಿಆರ್ ಡಬ್ಬ ತಗೊಳ್ಳೋಣ ಅಂತಿದೀನಿ. ಫೋನ್ ಒಳಗಿಟ್ಟು ಮುಖಕ್ಕೆ ಕಟ್ಟಿಕೊಳ್ತಾರಲ್ಲ, ಅದು.

ಅಕ್ಕ: ಯಾತಕ್ಕೆ? ನೋಡೋಕಾ, ಆಡೋಕಾ?

ತಮ್ಮ: ಎರಡೂ ಒಂದೇ ಅಲ್ವಾ?

ಅಕ್ಕ: ಅಲ್ಲ ಕಣೋ. ನಿನ್ನ ದುಡ್ಡು ಉಳಿಯೋದೋ ಹೋಗೋದೋ ಅನ್ನೋದು ಅದರ ಮೇಲೇ ನಿಂತಿದೆ.

ತಮ್ಮ: ಆಡೋಕೇ ಅಂತಿಟ್ಕೋ. ಬೀರೂರಿನ ಗೆಳೆಯನ ಹತ್ತಿರ ಒಂದಿದೆ. ಮುಖಕ್ಕೆ ಕಟ್ಟಿ ರೋಲರ್ ಕೋಸ್ಟರ್ ಹಾಕ್ಕೊಟ್ಟ. ಗಾಡಿ ಮೇಲಕ್ಕೆ ಹತ್ತಿ ಹತ್ತಿ ಒಮ್ಮೆಲೇ ಇಳೀತು ನೋಡು, ಹೊಟ್ಟೆಯೊಳಗೆ ಝುಂ ಅಂತು. ಕುರ್ಚಿ ಹಿಡ್ಕೊಂಡುಬಿಟ್ಟೆ. ಸಾವಿರ ಚಿಲ್ಲರೆಗೆ ಅಷ್ಟು ಸಿಕ್ಕಿದ್ರೆ ಇನ್ನೇನು ಬೇಕು?

ಅಕ್ಕ: ಆ ರೋಲರ್ ಕೋಸ್ಟರಲ್ಲಿ ನೀನು ಮಾಡಿದ್ದೇನು?

ತಮ್ಮ: ಮಾಡೋದೇನು, ಕೂತಿದ್ದೆ.

ಅಕ್ಕ: ಅದೇ. ಕೆಮ್ಮಣ್ಣುಗುಂಡಿ ಬಸ್ಸಲ್ಲಿ ಕಿಟಕಿ ಸೀಟು ಸಿಕ್ಕ ಹಾಗೆ. ಎಲ್ಲಾ ಕಾಣ್ಸುತ್ತೆ, ಸ್ಟೇರಿಂಗ್ ಮಾತ್ರ ಬೇರೆಯವರ ಕೈಯಲ್ಲಿ. ಡಬ್ಬ ಮಾರುವವರು, ತೋರಿಸುವವರು, ಎಲ್ಲರೂ ಮೊದಲು ರೋಲರ್ ಕೋಸ್ಟರನ್ನೇ ಯಾಕೆ ಹಾಕ್ತಾರೆ ಅಂತ ಯೋಚನೆ ಮಾಡಿದ್ದೀಯಾ? ಅದರಲ್ಲಿ ಕೈಗೆ ಕೆಲಸ ಇಲ್ಲ. ಕೈಗೆ ಕೆಲಸ ಕೊಟ್ಟ ಕ್ಷಣ ಡಬ್ಬದ ಬಂಡವಾಳ ಬಯಲಾಗುತ್ತೆ.

ತಮ್ಮ: ಆ ಗುಂಡು ಹಾರಿಸೋ ಆಟ, ಬಿಜಿಎಂಐ, ಅದನ್ನ ಹಾಕಿ ಆಡಿದ್ರೆ?

ಅಕ್ಕ: ಫೋನ್ ಡಬ್ಬದೊಳಗೆ ಇರುತ್ತಲ್ಲ ಮಾರಾಯ, ಹೆಬ್ಬೆರಳು ಎಲ್ಲಿಗೆ ಇಡ್ತೀಯಾ? ಬಿಜಿಎಂಐ ವಿಆರ್‌ಗೆ ಮಾಡಿದ ಆಟವೇ ಅಲ್ಲ. ಚಿತ್ರ ಎರಡಾಗಿ ಒಡೆದು ಎರಡು ಕಣ್ಣಿಗೂ ಬೇರೆ ಬೇರೆ ಕೋನದಿಂದ ಬರಬೇಕು, ಅದನ್ನ ಆಟ ಬರೆದವರೇ ಮಾಡಿರಬೇಕು. ಮಾಮೂಲಿ ಆಟ ಹಾಕಿದ್ರೆ ಒಂದು ಕಣ್ಣಿಗೆ ಅರ್ಧ ಮೈದಾನ, ಇನ್ನೊಂದಕ್ಕೆ ಉಳಿದರ್ಧ. ಅದಿರಲಿ, ನಿನ್ನ ಫೋನಲ್ಲಿ ಗೈರೊ ಇದೆಯಾ?

ತಮ್ಮ: ಇಲ್ಲ. ಅದಕ್ಕೇ ನಾನು ಸ್ಕೋಪ್ ಹಾಕಿ ಹೊಡೆಯೋದರಲ್ಲಿ ಸೋಲೋದು. ಉಳಿದವರೆಲ್ಲ ಫೋನ್ ಅಲುಗಿಸಿ ಗುರಿ ಇಡ್ತಾರೆ, ನಾನು ಬೆರಳಲ್ಲೇ ಎಳೀಬೇಕು.

ಅಕ್ಕ: ಹಾಗಿದ್ರೆ ಮಾತು ಇಲ್ಲಿಗೇ ಮುಗೀತು. ಗೈರೊಸ್ಕೋಪ್ ಇಲ್ಲದ ಫೋನನ್ನ ಡಬ್ಬದೊಳಗೆ ಇಟ್ರೆ ತಲೆ ತಿರುಗಿಸಿದ್ರೂ ಚಿತ್ರ ಸರಿಯಾಗಿ ತಿರುಗಲ್ಲ. ಅಡ್ಡ ಹಿಡಿದ್ರೆ ಸ್ಕ್ರೀನ್ ಅಡ್ಡ ಆಗುತ್ತಲ್ಲ, ಅದು ಆಕ್ಸೆಲರೊಮೀಟರ್ ಕೆಲಸ, ಅದಷ್ಟೇ ಸಾಲದು. ಕಡಿಮೆ ಬೆಲೆಯ ಫೋನುಗಳಲ್ಲಿ ಕಂಪನಿಯವರು ಮೊದಲು ಕೈಬಿಡೋದೇ ಗೈರೊ ಚಿಪ್ಪನ್ನ. ಡಬ್ಬದ ಮೇಲೆ ಮಾತ್ರ ‘ಎಲ್ಲಾ ಸ್ಮಾರ್ಟ್‌ಫೋನುಗಳಿಗೂ’ ಅಂತ ದಪ್ಪಕ್ಷರದಲ್ಲಿ ಅಚ್ಚಾಗಿರುತ್ತೆ. ಅಳತೆಗೆ ಹಿಡಿಯುತ್ತೆ ಅನ್ನೋದಷ್ಟೇ ಅದರ ಅರ್ಥ.

ತಮ್ಮ: ಅಪ್ಪನ ಫೋನಲ್ಲಿ ಇದೆ. ನೋಡಿಟ್ಟಿದ್ದೀನಿ.

ಅಕ್ಕ: ಭೇಷ್. ಅಪ್ಪ ದಿನಾ ಅಡಿಕೆ ರೇಟು ನೋಡೋ ಫೋನು! ಮಂಡಿಯಿಂದ ಕರೆ ಬಂದಾಗ ಮುಖದಿಂದ ಡಬ್ಬ ಬಿಚ್ಚಿ, ಮುಚ್ಚಳ ತೆಗೆದು, ಫೋನ್ ಈಚೆಗೆ ತೆಗೆದು ಕೊಡ್ತೀಯಾ? ನಗಬೇಡ, ಈ ಡಬ್ಬಗಳು ಸತ್ತಿದ್ದಕ್ಕೆ ಒಂದು ಕಾರಣ ಇದೇ. 2019ರ ಅಕ್ಟೋಬರಲ್ಲಿ ಗೂಗಲ್ ತನ್ನ ಡೇಡ್ರೀಮ್ ಹೆಡ್‌ಸೆಟ್ ನಿಲ್ಲಿಸಿದಾಗ ಕೊಟ್ಟ ಕಾರಣ ಹೆಚ್ಚುಕಡಿಮೆ ಹೀಗಿತ್ತು: ದಿನವಿಡೀ ಬಳಸೋ ಫೋನನ್ನ ಡಬ್ಬದಲ್ಲಿ ಕೂಡಿಟ್ಟು ಉಳಿದ ಕೆಲಸವೆಲ್ಲ ಬಿಡಿ ಅಂದ್ರೆ ಜನ ಬಿಡಲ್ಲ.

ತಮ್ಮ: ಸತ್ತವು ಅಂತ ಯಾಕೆ ಹೇಳ್ತೀಯಾ? ಆನ್‌ಲೈನಲ್ಲಿ ಸಾಲು ಸಾಲು ಸಿಗ್ತವೆ. ಜಿಯೊದವರೇ 2023ರ ಐಪಿಎಲ್ ಹೊತ್ತಿಗೆ ಜಿಯೊಡೈವ್ ಅಂತ 1,299 ರೂಪಾಯಿಗೆ ಬಿಟ್ಟಿದ್ರಲ್ಲ.

ಅಕ್ಕ: ಬಿಟ್ರು. ಯಾತಕ್ಕೆ ಬಿಟ್ರು? ಕ್ರಿಕೆಟ್ ನೋಡೋಕೆ. ದೊಡ್ಡ ಪರದೆ ಮುಂದೆ ಕೂತ ಹಾಗೆ ಮ್ಯಾಚ್ ನೋಡಿ ಅಂತ. ಅವರೂ ಅದನ್ನ ಆಟದ ಯಂತ್ರ ಅಂತ ಎದ್ದು ಕಾಣೋ ಹಾಗೆ ಸಾರಲಿಲ್ಲ, ಗಮನಿಸು. ಡಬ್ಬ ಸಿಗುತ್ತೆ ಕಣೋ, ಪ್ಲಾಸ್ಟಿಕ್ಕು ಮತ್ತು ಎರಡು ಲೆನ್ಸು, ಅದಕ್ಕೆ ಸಾವಿಲ್ಲ. ಸತ್ತಿದ್ದು ಅದರೊಳಗೆ ಆಡೋ ಆಟಗಳನ್ನ ಬರೆಯೋ ಜನ.

ತಮ್ಮ: ಮೊದಲು ಬರೀತಿದ್ರಾ?

ಅಕ್ಕ: ಎಷ್ಟು ಜೋರಾಗಿ ಶುರುವಾಯ್ತು ಅಂತ ಹೇಳಿದ್ರೆ ನಂಬಲ್ಲ ನೀನು. ಗೂಗಲ್‌ನ ಪ್ಯಾರಿಸ್ ಕಚೇರಿಯ ಇಬ್ಬರು ಎಂಜಿನಿಯರುಗಳು, ಡೇವಿಡ್ ಕೋಝ್ ಮತ್ತು ಡೇಮಿಯನ್ ಹೆನ್ರಿ ಅಂತ, ಬಿಡುವಿನ ಹೊತ್ತಲ್ಲಿ ರಟ್ಟು ಕತ್ತರಿಸಿ ಮಡಚಿ ಒಂದು ಡಬ್ಬ ಮಾಡಿದ್ರು. 2014ರ ಜೂನಲ್ಲಿ ಗೂಗಲ್ ತನ್ನ ಸಮ್ಮೇಳನಕ್ಕೆ ಬಂದವರಿಗೆಲ್ಲ ಅದನ್ನ ಹಂಚ್ತು. ಹೆಸರೇ ಕಾರ್ಡ್‌ಬೋರ್ಡ್. 45 ಮಿಲಿಮೀಟರ್ ಫೋಕಸ್‌ನ ಎರಡು ಲೆನ್ಸು, ಒಂದು ಅಯಸ್ಕಾಂತ, ಒಂದು ರಬ್ಬರ್ ಬ್ಯಾಂಡ್. ಪಕ್ಕದಲ್ಲಿರೋ ಅಯಸ್ಕಾಂತದ ಬಳೆ ಕೆಳಕ್ಕೆ ಎಳೆದ್ರೆ ಫೋನಿನ ದಿಕ್ಸೂಚಿಗೆ ಗೊತ್ತಾಗುತ್ತೆ, ಅದೇ ಬಟನ್. ಬುದ್ಧಿವಂತರು! ನಕ್ಷೆಯನ್ನ ಯಾರು ಬೇಕಾದ್ರೂ ಬಳಸಿ ಅಂತ ಬಿಟ್ಟುಕೊಟ್ರು. 2015ರ ನವೆಂಬರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ತನ್ನ ಚಂದಾದಾರರಿಗೆ ಪೇಪರ್ ಜೊತೆ ಹತ್ತು ಲಕ್ಷಕ್ಕೂ ಹೆಚ್ಚು ರಟ್ಟಿನ ಡಬ್ಬ ಕಳಿಸ್ತು. 2017ರ ಹೊತ್ತಿಗೆ ಒಂದು ಕೋಟಿ ಹಂಚಿದ್ದೀವಿ ಅಂತ ಗೂಗಲ್ ಹೇಳ್ತು. ಅದೇ ಕಾಲಕ್ಕೆ ಫೋನ್ ಇಟ್ಟು ನೋಡೋ ಸ್ಯಾಮ್‌ಸಂಗಿನ ಡಬ್ಬ ಗಿಯರ್ ವಿಆರ್ ಐವತ್ತು ಲಕ್ಷ.

ತಮ್ಮ: ಒಂದೂವರೆ ಕೋಟಿ ಮುಖ. ಅಷ್ಟು ಜನ ಕಟ್ಟಿಕೊಂಡಿದ್ದು ಸುಮ್ಮನೆ ಹೇಗೆ ಹೋಯ್ತು?

ಅಕ್ಕ: ಕಟ್ಟಿಕೊಂಡ್ರು, ಬಿಚ್ಚಿಟ್ರು. ಎರಡನೇ ಸಲ ಕಟ್ಟಿಕೊಳ್ಳಲಿಲ್ಲ. ಗಿಯರ್ ವಿಆರ್‌ಗೆ ಸಾಫ್ಟ್‌ವೇರ್ ಬರೆದ ತಲೆ ಜಾನ್ ಕಾರ್ಮ್ಯಾಕ್, ಡೂಮ್ ಆಟ ಮಾಡಿದ ಮಹಾಶಯ. ಅವನೇ 2019ರ ಸೆಪ್ಟೆಂಬರಲ್ಲಿ ವೇದಿಕೆ ಮೇಲೆ ನಿಂತು ಅದಕ್ಕೆ ಚರಮಗೀತೆ ಹೇಳಿದ. ಜನ ಒಮ್ಮೆ ನೋಡಿ ಖುಷಿಪಟ್ಟು ಮತ್ತೆ ಬರಲಿಲ್ಲ ಅನ್ನೋದೇ ಅವನ ಕೊರಗು. ಅಷ್ಟರಲ್ಲಿ ಸ್ಯಾಮ್‌ಸಂಗ್ ತನ್ನ ನೋಟ್ 10 ಫೋನಿಗೆ ಅದನ್ನ ಹೊಂದಿಸೋದೇ ಬಿಟ್ಟಿತ್ತು. 2021ರಲ್ಲಿ ಗೂಗಲ್ ರಟ್ಟಿನ ಡಬ್ಬ ಮಾರೋದನ್ನೂ ನಿಲ್ಲಿಸ್ತು.

ತಮ್ಮ: ಸರಿ, ದೊಡ್ಡ ಕಂಪನಿಗಳಿಗೆ ಲಾಭ ಆಗಲಿಲ್ಲ. ನನಗೇನು? ನನಗೆ ಬೇಕಿರೋದು ಮಜಾ. ಕೈ ವಿಷಯ ಅಂದೆಯಲ್ಲ, ಡಬ್ಬದ ಜೊತೆ ಒಂದು ಬ್ಲೂಟೂತ್ ರಿಮೋಟ್ ಕೊಡ್ತಾರೆ.

ಅಕ್ಕ: ಬಟನ್ ಒತ್ತೋಕೆ ಅದು ಸಾಕು. ಕೈ ಎಲ್ಲಿದೆ ಅಂತ ಆಟಕ್ಕೆ ಗೊತ್ತಾಗೋಕೆ ಸಾಲದು. ತಡಿ, ಅಮೃತಾಪುರ ನೆನಪು ಮಾಡ್ಕೋ.

ತಮ್ಮ: ದೇವಸ್ಥಾನನಾ? ಅದಕ್ಕೂ ಇದಕ್ಕೂ ಏನು?

ಅಕ್ಕ: ದಕ್ಷಿಣದ ಗೋಡೆಯಲ್ಲಿ ಎಪ್ಪತ್ತು ಚೌಕದಲ್ಲಿ ರಾಮಾಯಣ ಇದೆ, ಕಥೆ ಅಪ್ರದಕ್ಷಿಣವಾಗಿ ಸಾಗುತ್ತೆ. ಉತ್ತರದ ಗೋಡೆಯಲ್ಲಿ ಕೃಷ್ಣನ ಕಥೆ, ಮಹಾಭಾರತದ ಕಥೆ, ಅವು ಪ್ರದಕ್ಷಿಣವಾಗಿ. ಹೊಯ್ಸಳರ ಎರಡನೇ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ ಕಟ್ಟಿದ್ದು. ಆ ರಾಮಾಯಣ ನೋಡೋದು ಹೇಗೆ? ಗೋಡೆ ಗುಂಟ ನಡೀಬೇಕು, ಬಗ್ಗಬೇಕು, ಒಂದೊಂದು ಚೌಕದ ಹತ್ತಿರ ಮುಖ ಒಯ್ಯಬೇಕು. ಈಗ ನಿನ್ನನ್ನ ಅಂಗಳದಲ್ಲಿ ಒಂದು ಕಡೆ ನಿಲ್ಲಿಸಿ, ಕಾಲು ಕದಲಿಸಬೇಡ, ಕತ್ತು ಮಾತ್ರ ತಿರುಗಿಸು ಅಂದ್ರೆ?

ತಮ್ಮ: ಗೋಪುರ ಕಾಣುತ್ತೆ. ರಾಮಾಯಣ ಓದೋಕಾಗಲ್ಲ.

ಅಕ್ಕ: ಫೋನ್ ಡಬ್ಬ ಕೊಡೋದು ಅಷ್ಟನ್ನೇ. ಎಡಕ್ಕೆ ಬಲಕ್ಕೆ ತಿರುಗು, ಮೇಲೆ ಕೆಳಗೆ ನೋಡು, ತಲೆ ಓರೆ ಮಾಡು. ಈ ಮೂರು ಚಲನೆ ಗೈರೊಗೆ ಗೊತ್ತಾಗುತ್ತೆ. ಮುಂದಕ್ಕೆ ಒಂದು ಹೆಜ್ಜೆ, ಪಕ್ಕಕ್ಕೆ ಒಂದು ಹೆಜ್ಜೆ, ಕುಕ್ಕರಗಾಲಲ್ಲಿ ಕೂರೋದು, ಈ ಮೂರು ಅದಕ್ಕೆ ಗೊತ್ತಾಗಲ್ಲ. ನೀನು ಬಗ್ಗಿದ್ರೆ ಲೋಕವೆಲ್ಲ ನಿನ್ನ ಜೊತೆ ಬಗ್ಗುತ್ತೆ. ಗುಂಡು ಬಂತು ಅಂತ ಪಕ್ಕಕ್ಕೆ ಸರಿದ್ರೆ ಗುಂಡೂ ನಿನ್ನ ಜೊತೆ ಪಕ್ಕಕ್ಕೆ ಸರಿಯುತ್ತೆ. ಆಡೋದು ಹೇಗೆ ಹೇಳು. ಫೋನ್ ಇಲ್ಲದೇ ನಡೆಯೋ ಕ್ವೆಸ್ಟ್‌ನಂಥ ಹೆಡ್‌ಸೆಟ್ಟಿನ ಮೈಮೇಲೆ ಕ್ಯಾಮೆರಾಗಳಿರ್ತವೆ. ಗೋಡೆ, ನೆಲ, ಕೈಯಲ್ಲಿರೋ ಕಂಟ್ರೋಲರು, ಎಲ್ಲವನ್ನೂ ಅವು ನೋಡ್ತಾ ನೀನು ಎಲ್ಲಿದ್ದೀಯಾ ಅಂತ ಲೆಕ್ಕ ಹಾಕ್ತಾನೇ ಇರ್ತವೆ. ಬೀಟ್ ಸೇಬರ್ ಅಂತ 2018ರಲ್ಲಿ ಬಂದ ಆಟ, ಹಾಡಿನ ತಾಳಕ್ಕೆ ಸರಿಯಾಗಿ ಎದುರಿಗೆ ಬರೋ ಪೆಟ್ಟಿಗೆಗಳನ್ನ ಕತ್ತಿ ಬೀಸಿ ಕಡಿಯೋದು. ಆಫೀಸಲ್ಲಿ ಅದನ್ನ ಆಡಿದವರ ಅಂಗಿ ಒದ್ದೆಯಾಗಿರುತ್ತೆ. ಫೋನ್ ಡಬ್ಬದಲ್ಲಿ ಅದನ್ನ ಆಡೋಕೆ ಸಾಧ್ಯವೇ ಇಲ್ಲ, ಕತ್ತಿ ಎಲ್ಲಿದೆ ಅಂತಲೇ ಅದಕ್ಕೆ ಗೊತ್ತಿಲ್ಲವಲ್ಲ.

ತಮ್ಮ: ಫೋನಿಗೂ ಹಿಂದೆ ಕ್ಯಾಮೆರಾ ಇದೆ. ಅದರಲ್ಲಿ ಲೆಕ್ಕ ಹಾಕಿಸಬಹುದಲ್ಲ?

ಅಕ್ಕ: ಒಳ್ಳೆ ಪ್ರಶ್ನೆ. ಲೆಕ್ಕ ಹಾಕೋಕೆ ಬರುತ್ತೆ, ಕೋಣೆಯಲ್ಲಿ ಸೋಫಾ ಇಟ್ಟು ತೋರಿಸೋ ಆ್ಯಪುಗಳು ಮಾಡೋದು ಅದನ್ನೇ. ಆದ್ರೆ ಎರಡು ಕಣ್ಣಿಗೆ ಎರಡು ಚಿತ್ರ ಬರೀತಾ, ಸ್ಕ್ರೀನ್ ಪೂರ್ತಿ ಬೆಳಗ್ತಾ, ಜೊತೆಗೆ ಕ್ಯಾಮೆರಾ ಓಡಿಸಿದ್ರೆ ಗಾಳಿಯಾಡದ ಡಬ್ಬದಲ್ಲಿ ಫೋನ್ ಏನಾಗುತ್ತೆ? ಬಿಸಿಯಾದ ಪ್ರೊಸೆಸರ್ ತನ್ನನ್ನ ತಾನು ಉಳಿಸಿಕೊಳ್ಳೋಕೆ ವೇಗ ಇಳಿಸುತ್ತೆ. ವೇಗ ಇಳಿದ ಕೂಡಲೇ ತಲೆ ತಿರುಗಿಸಿದ್ದಕ್ಕೂ ಚಿತ್ರ ತಿರುಗಿದ್ದಕ್ಕೂ ನಡುವೆ ಸಂದು ಬೀಳುತ್ತೆ. ಆ ಸಂದು ಒಂದು ಸೆಕೆಂಡಿನ ಐವತ್ತನೇ ಒಂದು ಭಾಗ ಅಂದ್ರೆ 20 ಮಿಲಿಸೆಕೆಂಡಿಗಿಂತ ಒಳಗಿರಬೇಕು ಅನ್ನೋದು ಈ ಕಸುಬಿನವರ ಲೆಕ್ಕ. ಮಾಮೂಲಿ ಫೋನಿನ ಸ್ಕ್ರೀನ್ ಸೆಕೆಂಡಿಗೆ 60 ಚಿತ್ರ ಹಾಕುತ್ತೆ, ಒಂದು ಚಿತ್ರಕ್ಕೇ ಹದಿನಾರು ಹದಿನೇಳು ಮಿಲಿಸೆಕೆಂಡ್ ಹೋಯ್ತು. ಇನ್ನು ಸೆನ್ಸರ್ ಓದೋಕೆ, ಚಿತ್ರ ಬರೆಯೋಕೆ ಎಲ್ಲಿದೆ ಹೊತ್ತು?

ತಮ್ಮ: ಅದಕ್ಕೇ ಇರಬೇಕು, ಅವತ್ತು ಎರಡನೇ ವಿಡಿಯೊ ಹಾಕಿದಾಗ ಬಾಯಲ್ಲಿ ನೀರೂರೋಕೆ ಶುರುವಾಯ್ತು. ವಾಂತಿ ಬರೋ ಹಾಗೆ.

ಅಕ್ಕ: ಕಣ್ಣು ‘ಓಡ್ತಿದೀನಿ’ ಅನ್ನುತ್ತೆ, ಕಿವಿಯೊಳಗಿನ ಸಮತೋಲನದ ಅಂಗ ‘ಕುರ್ಚೀಲಿ ಕೂತಿದೀಯ’ ಅನ್ನುತ್ತೆ. ಇಬ್ಬರ ಜಗಳಕ್ಕೆ ಹೊಟ್ಟೆ ಬಲಿ. ಒಳ್ಳೆ ಹೆಡ್‌ಸೆಟ್ಟಲ್ಲೂ ಇದು ಇದ್ದೇ ಇದೆ, ಫೋನಲ್ಲಿ ಜಾಸ್ತಿ. ಗಿಯರ್ ವಿಆರ್ ಸ್ವಲ್ಪ ವಾಸಿ ಇತ್ತು, ಅದರ ಡಬ್ಬದೊಳಗೇ ಫೋನಿಗಿಂತ ಚುರುಕಾದ ಸೆನ್ಸರ್ ಇಟ್ಟಿದ್ರು. ಆದ್ರೆ ಅದು ಸ್ಯಾಮ್‌ಸಂಗಿನ ಕೆಲವೇ ಫೋನುಗಳಿಗೆ ಹಿಡೀತಿತ್ತು. ಈಗ ಸಿಗೋ ಡಬ್ಬದಲ್ಲಿ ಲೆನ್ಸು ಬಿಟ್ರೆ ಏನೂ ಇಲ್ಲ.

ತಮ್ಮ: ಚಿತ್ರವೂ ಸ್ವಲ್ಪ ಮಸುಕು ಅನ್ನಿಸ್ತು. ಸೊಳ್ಳೆಪರದೆ ಒಳಗಿಂದ ನೋಡಿದ ಹಾಗೆ ಚುಕ್ಕಿ ಚುಕ್ಕಿ. ಫೋನ್ ಫುಲ್ ಎಚ್‌ಡಿ, ಆದ್ರೂ.

ಅಕ್ಕ: ಕೈಯಲ್ಲಿ ಹಿಡಿದಾಗ ಫುಲ್ ಎಚ್‌ಡಿ. ಕಣ್ಣಿಗೆ ಅಂಟಿಸಿದಾಗ ಅದನ್ನ ಎರಡು ಪಾಲು ಮಾಡಿ, ಒಂದೊಂದು ಪಾಲನ್ನ ಸುಮಾರು 90 ಡಿಗ್ರಿ ಅಗಲಕ್ಕೆ ಹಿಗ್ಗಿಸ್ತಾರೆ. ಲೆಕ್ಕ ಹಾಕು, ಒಂದು ಡಿಗ್ರಿಗೆ ಹನ್ನೆರಡು ಹದಿಮೂರು ಚುಕ್ಕಿ ಬಂದ್ರೆ ಹೆಚ್ಚು. ಒಳ್ಳೆ ಕಣ್ಣು ಒಂದು ಡಿಗ್ರಿಯಲ್ಲಿ ಅರುವತ್ತರ ತನಕ ಬಿಡಿಸಿ ನೋಡಬಲ್ಲದು. ದೂರದಲ್ಲಿ ನಿಂತ ಶತ್ರು ನಾಲ್ಕೈದು ಚುಕ್ಕಿ ಆಗಿರ್ತಾನೆ, ಅವನ ಕೈಯಲ್ಲಿ ಬಂದೂಕಿದೆಯೋ ಕೊಡೆ ಇದೆಯೋ ತಿಳಿಯಲ್ಲ.

ತಮ್ಮ: ನೀನು ಹೇಳೋದೆಲ್ಲ ಸರಿ ಅಕ್ಕಾ. ಆದ್ರೆ ನಿನಗೆ ಹೇಳೋದು ಸುಲಭ. ಆಫೀಸಲ್ಲಿ ಕ್ವೆಸ್ಟ್ ಇದೆ, ಬೇಕಾದಾಗ ಹಾಕ್ಕೊಂಡು ಆಡ್ತೀಯಾ. ಇಲ್ಲಿ ಯಾರ ಮನೇಲಿ ಇದೆ ಅದು? ಮೂವತ್ತು ನಲವತ್ತು ಸಾವಿರ ಯಾರು ಕೊಡ್ತಾರೆ? ಸಾವಿರ ರೂಪಾಯಿಗೆ ಸಿಗೋದನ್ನೂ ಬೇಡ ಅಂದ್ರೆ, ನಮ್ಮಂಥವರು ವಿಆರ್ ನೋಡೋದೇ ಬೇಡ ಅಂದ ಹಾಗಾಯ್ತು.

ಅಕ್ಕ: ಅದು ನ್ಯಾಯವಾದ ಮಾತು. ಕ್ವೆಸ್ಟ್ 3ಎಸ್ ಅಮೆರಿಕದಲ್ಲೇ 299 ಡಾಲರ್‌ಗೆ ಬಂತು 2024ರಲ್ಲಿ. ಅದನ್ನ ತಗೋ ಅಂತ ನಾನು ಹೇಳಲ್ಲ, ಅಷ್ಟು ದುಡ್ಡಿಗೆ ಗೈರೊ ಇರೋ ಒಂದು ಒಳ್ಳೆ ಫೋನ್ ಬಂದು ಇನ್ನೂ ಮಿಗುತ್ತೆ. ರಟ್ಟಿನ ಡಬ್ಬ ಇಲ್ಲದಿದ್ರೆ ಕೋಟಿ ಜನಕ್ಕೆ ವಿಆರ್ ಅಂದ್ರೆ ಏನು ಅಂತಲೇ ತಿಳೀತಿರಲಿಲ್ಲ, ಅದನ್ನೂ ಒಪ್ತೀನಿ. ಇನ್ನೊಂದು ತಮಾಷೆ ಗೊತ್ತಾ? ಆ ದುಬಾರಿ ಹೆಡ್‌ಸೆಟ್ಟುಗಳೂ ಫೋನಿನ ಮಕ್ಕಳೇ. 2014ರಲ್ಲಿ ಆಕ್ಯುಲಸ್ ಕಂಪನಿ ಡೆವಲಪರುಗಳಿಗೆ ಅಂತ ಬಿಟ್ಟ ಎರಡನೇ ಮಾದರಿಯನ್ನ ಬಿಚ್ಚಿ ನೋಡಿದವರಿಗೆ ಒಳಗೆ ಸಿಕ್ಕಿದ್ದು ಸ್ಯಾಮ್‌ಸಂಗ್ ನೋಟ್ 3 ಫೋನಿನ ಮುಂಭಾಗ, ಸ್ಯಾಮ್‌ಸಂಗ್ ಹೆಸರಿನ ಸಮೇತ. ಇವತ್ತಿನ ಕ್ವೆಸ್ಟ್ ಒಳಗೂ ಫೋನಿಗೆ ಚಿಪ್ ಮಾಡೋ ಕ್ವಾಲ್‌ಕಾಮ್‌ನ ಸ್ನ್ಯಾಪ್‌ಡ್ರ್ಯಾಗನ್ನೇ ಇರೋದು. ಫೋನಿನ ಸ್ಕ್ರೀನು, ಚಿಪ್ಪು, ಸೆನ್ಸರು ಎಲ್ಲಾ ಬೇಕಾದವು, ಫೋನ್ ಮಾತ್ರ ಬೇಡವಾಯ್ತು.

ತಮ್ಮ: ಹಾಗಾದ್ರೆ ದುಬಾರಿ ಹೆಡ್‌ಸೆಟ್ಟು ಗೆದ್ವು ಅನ್ನು.

ಅಕ್ಕ: ಗೆದ್ವು ಅಂತಲೂ ಹೇಳಲಾರೆ. ಬೆಂಗಳೂರಲ್ಲಿ ಧ್ರುವ ಇಂಟರಾಕ್ಟಿವ್ ಅಂತ ಇತ್ತು, 1997ರಲ್ಲಿ ರಾಜೇಶ್ ರಾವ್ ಶುರು ಮಾಡಿದ್ದು, ನಮ್ಮ ದೇಶದ ಗೇಮ್ ಸ್ಟುಡಿಯೊಗಳಿಗೆಲ್ಲ ಹಿರಿಯಣ್ಣ. ಅದನ್ನ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕೊಂಡುಕೊಳ್ತು. ಅವರು ಏಸರ್ ಜೊತೆ ಸೇರಿ ಸ್ಟಾರ್‌ವಿಆರ್ ಅನ್ನೋ ದೊಡ್ಡ ಹೆಡ್‌ಸೆಟ್ಟಿಗೂ ಕೈ ಹಾಕಿದ್ರು, ಮನೆಗಲ್ಲ, ಮಾಲುಗಳಲ್ಲಿ ಟಿಕೆಟ್ ಕೊಟ್ಟು ಆಡೋ ಅಂಗಡಿಗಳಿಗೆ. ಮುಖ್ಯವಾಗಿ ಒಂದು ಆಟ ಮಾರಾಟವಾಗದೆ 2018ರ ಕೊನೆಗೆ ಸ್ಟಾರ್‌ಬ್ರೀಜ್ ಮುಗ್ಗರಿಸ್ತು, ವಿಆರ್ ಕೈ ಹಿಡಿದು ಎತ್ತಲಿಲ್ಲ. 2019ರಲ್ಲಿ ಧ್ರುವವನ್ನ ರಾಕ್‌ಸ್ಟಾರ್‌ಗೆ ಮಾರಿದ್ರು. ಜಿಟಿಎ ಆಟ ಮಾಡ್ತಾರಲ್ಲ, ಅವರಿಗೇ.

ತಮ್ಮ: ಜಿಟಿಎ! ಅದು ಗೊತ್ತೇ ಇರಲಿಲ್ಲ. ಬೆಂಗಳೂರಲ್ಲಿ ಕೂತು ಜಿಟಿಎ ಕೆಲಸ ಮಾಡ್ತಾರಾ?

ಅಕ್ಕ: ಮಾಡ್ತಾರೆ, ಆ ಮಾತು ಆಮೇಲೆ. ನಿನ್ನ ಸಾವಿರ ರೂಪಾಯಿಗೆ ಬಾ. ಫೋನ್ ಡಬ್ಬದಲ್ಲಿ ನಿಜವಾಗಿ ಚೆನ್ನಾಗಿದ್ದ ಆಟ ಇರಲೇ ಇಲ್ಲ ಅಂತ ಹೇಳಿದ್ರೆ ಅನ್ಯಾಯ ಆಗುತ್ತೆ. ‘ಕೀಪ್ ಟಾಕಿಂಗ್ ಅಂಡ್ ನೋಬಡಿ ಎಕ್ಸ್‌ಪ್ಲೋಡ್ಸ್’ ಅಂತ 2015ರಲ್ಲಿ ಗಿಯರ್ ವಿಆರ್‌ಗೆ ಬಂತು. ಡಬ್ಬ ಕಟ್ಟಿಕೊಂಡವನ ಮುಂದೆ ಒಂದು ಟೈಮ್ ಬಾಂಬ್. ಅವನಿಗೆ ಬಾಂಬ್ ಕಾಣುತ್ತೆ, ನಿಷ್ಕ್ರಿಯ ಮಾಡೋದು ಹೇಗೆ ಅಂತ ಗೊತ್ತಿಲ್ಲ. ಸುತ್ತ ಕೂತ ಗೆಳೆಯರ ಕೈಯಲ್ಲಿ ಪುಸ್ತಕ ಇದೆ, ಅವರಿಗೆ ಬಾಂಬ್ ಕಾಣಲ್ಲ. ‘ನಾಲ್ಕು ತಂತಿ ಇದೆ, ಎರಡು ಕೆಂಪು’ ಅಂತ ಇವನು ಕೂಗಬೇಕು, ಅವರು ಪುಟ ತಿರುವಿ ‘ಕೊನೇದು ಕತ್ತರಿಸು’ ಅನ್ನಬೇಕು. ಎಷ್ಟು ಗಲಾಟೆ, ಎಷ್ಟು ಬೈಗುಳ! ಅದು ಯಾಕೆ ಗೆದ್ದಿತು ಅಂದ್ರೆ ಆಟಗಾರ ಕೂತಲ್ಲೇ ಇರ್ತಾನೆ, ಕೈಗೆ ಬೀಸೋ ಕೆಲಸ ಇಲ್ಲ, ಆಟ ಪೂರ್ತಿ ಬಾಯಲ್ಲಿ. ಡಬ್ಬದ ಕೊರತೆಯನ್ನೇ ಆಟ ಮಾಡಿದ್ರು ಜಾಣರು. ‘ಲ್ಯಾಂಡ್ಸ್ ಎಂಡ್’ ಅಂತ ಇನ್ನೊಂದು, ದೃಷ್ಟಿ ಇಟ್ಟಲ್ಲಿಗೆ ನಿಧಾನಕ್ಕೆ ತೇಲಿ ಹೋಗೋದು, ಕಲ್ಲುಗಳನ್ನ ನೋಟದಲ್ಲೇ ಜೋಡಿಸೋದು.

ತಮ್ಮ: ಅಂಥವನ್ನ ಹುಡುಕಿ ಹಾಕ್ಕೋತೀನಿ ಬಿಡು.

ಅಕ್ಕ: ಗಿಯರ್ ವಿಆರ್ ಅಂಗಡಿ ಬಾಗಿಲು ಹಾಕಿದೆ. ಈಗಿನ ಡಬ್ಬಗಳಿಗೆ ಸಿಗೋ ಆ್ಯಪುಗಳಲ್ಲಿ ಹೆಚ್ಚಿನವು ಐದು ನಿಮಿಷದ ಜೊಂಬಿ ಹೊಡೆಯೋವು, ಎದುರಿಗೆ ಬಂದವನನ್ನ ದಿಟ್ಟಿಸಿ ನೋಡಿದ್ರೆ ಗುಂಡು ತಾನಾಗೇ ಹಾರುತ್ತೆ, ಮಧ್ಯೆ ಜಾಹೀರಾತು. ಆ ಜಾಹೀರಾತನ್ನ ತೆಗೆಯೋಕೂ ಫೋನ್ ಈಚೆ ತೆಗೀಬೇಕು. ಹೊಸದಾಗಿ ಯಾರೂ ಬರೀತಿಲ್ಲ, ಫೋನಿನ ಆ್ಯಂಡ್ರಾಯ್ಡ್ ಹೊಸದಾದಷ್ಟೂ ಹಳೆಯವು ಓಡಲ್ಲ. ಕಂಪ್ಯೂಟರಿನ ಆಟವನ್ನ ವೈಫೈ ಮೇಲೆ ಫೋನಿಗೆ ಕಳಿಸೋ ದಾರಿಯೂ ಒಂದಿದೆ. ಅದಕ್ಕೆ ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇರೋ ಕಂಪ್ಯೂಟರ್ ಬೇಕು, ಅದಿದ್ದವನು ಈ ಡಬ್ಬಕ್ಕೆ ಯಾಕೆ ಬರ್ತಾನೆ?

ತಮ್ಮ: ಹಾಗಾದ್ರೆ ಬೇಡವೇ ಬೇಡ ಅಂತೀಯಾ.

ಅಕ್ಕ: ಆಟಕ್ಕೆ ಬೇಡ. ನೋಡೋಕೆ ಅಂದ್ರೆ ನನ್ನ ಅಡ್ಡಿ ಇಲ್ಲ. ಎರಡು ಕಣ್ಣಿಗೆ ಎರಡು ಚಿತ್ರ ಕೊಟ್ಟು ಆಳ ತೋರಿಸೋ ಉಪಾಯ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲೇ ತೋರಿಸಿದ್ದ. ಅವತ್ತಿಂದ ಇವತ್ತಿನವರೆಗೂ ಆ ಪೆಟ್ಟಿಗೆ ನೋಡೋಕೆ ಇರೋದು, ಆ ಕೆಲಸದಲ್ಲಿ ಅದರ ಕೈ ಹಿಡಿಯುವವರು ಯಾವತ್ತೂ ಇದ್ದಾರೆ. ಸಮುದ್ರದ ಆಳ, ಅಂತರಿಕ್ಷ ನಿಲ್ದಾಣ, 360 ಡಿಗ್ರಿ ವಿಡಿಯೊ ಬೇಕಾದಷ್ಟಿವೆ. ಮಂಡಿನೋವಿಗೆ ಕಲ್ಲತ್ತಿಗಿರಿ ಮೆಟ್ಟಿಲು ಹತ್ತೋಕಾಗದ ಅಜ್ಜಿಗೆ ನೀನೇ ಅಲ್ಲಿ ನಿಂತು ಸುತ್ತಲಿನ ಫೋಟೊ ತೆಗೆದು ತಂದು ತೋರಿಸು. ಆಟಕ್ಕಿಂತ ಅದು ಒಳ್ಳೆ ಉಪಯೋಗ.

ತಮ್ಮ: ಅಜ್ಜಿ ಮುಖಕ್ಕೆ ಡಬ್ಬ! ಕನ್ನಡಕದ ಮೇಲೆ ಕೂರುತ್ತಾ?

ಅಕ್ಕ: ಎಲ್ಲದರಲ್ಲೂ ಕೂರಲ್ಲ, ಅದನ್ನ ನೋಡಿಯೇ ತಗೋಬೇಕು. ಲೆನ್ಸುಗಳ ನಡುವಿನ ಅಂತರ ಹೆಚ್ಚು ಕಡಿಮೆ ಮಾಡೋ ತಿರುಪು ಇರಲೇಬೇಕು. ದೊಡ್ಡವರ ಎರಡು ಕಣ್ಣುಪಾಪೆಗಳ ನಡುವೆ ಸರಾಸರಿ 63 ಮಿಲಿಮೀಟರ್, ಒಬ್ಬೊಬ್ಬರಿಗೆ ಒಂದೊಂದು ಅಳತೆ. ಅದು ಹೊಂದದಿದ್ರೆ ತಲೆನೋವು ಗ್ಯಾರಂಟಿ. ಫೋಕಸ್ ಸರಿಸೋ ತಿರುಪು ಇನ್ನೊಂದು. ಮುಂದಿನ ಮುಚ್ಚಳಕ್ಕೆ ಗಾಳಿ ಹೋಗೋ ಕಿಂಡಿ ಇರಲಿ. ರಿಮೋಟ್ ಜೊತೆಗಿನದು ಅಂತ ಹೆಚ್ಚು ದುಡ್ಡು ಕೊಡಬೇಡ.

ತಮ್ಮ: ಮತ್ತೆ ನನ್ನ ಆಟ? ಸಾವಿರ ರೂಪಾಯಿ ಸುಮ್ಮನೆ ಇಟ್ಟುಕೊಳ್ಳಲಾ?

ಅಕ್ಕ: ಒಂದು ಒಳ್ಳೆ ಬ್ಲೂಟೂತ್ ಗೇಮ್‌ಪ್ಯಾಡ್ ತಗೋ. ಫೋನಿಗೂ ಆಗುತ್ತೆ, ನಾಳೆ ಟಿವಿಗೋ ಲ್ಯಾಪ್‌ಟಾಪಿಗೋ ಜೋಡಿಸಿದ್ರೆ ಅಲ್ಲೂ ಆಗುತ್ತೆ. ಬಿಜಿಎಂಐಗೆ ಮಾತ್ರ ಅದನ್ನ ಹಚ್ಚಬೇಡ, ಅಲ್ಲಿ ಅದು ನಡೆಯಲ್ಲ, ರೇಸಿಂಗ್, ಫುಟ್‌ಬಾಲ್ ಆಟಗಳಿಗೆ ಲಾಯಕ್ಕು. ನಿಜವಾದ ವಿಆರ್ ಆಟ ಒಮ್ಮೆ ಆಡಲೇಬೇಕು ಅಂತಿದ್ರೆ ಬೆಂಗಳೂರಿಗೆ ಬಾ, ಮಾಲಲ್ಲಿ ಟಿಕೆಟ್ ತಗೊಂಡು ಆಡಿಸ್ತೀನಿ.

ತಮ್ಮ: ಟಿಕೆಟ್ ದುಡ್ಡು ನಿಂದು ತಾನೇ?

ಅಕ್ಕ: ನಂದೇ. ಆದ್ರೆ ನೋಡೋಕೆ ಅಂತ ಆ ಡಬ್ಬ ತಂದ್ರೆ ಒಂದು ಮಾತು ಇಟ್ಕೋ. ಗಿಯರ್ ವಿಆರ್ ಕಾಲದಿಂದಲೂ ಕಂಪನಿಯವರೇ ಹದಿಮೂರು ತುಂಬದವರಿಗೆ ಬೇಡ ಅಂತ ಬರೀತಿದ್ರು. ಪಕ್ಕದ ಮನೆ ಚಿಕ್ಕ ಮಕ್ಕಳು ಬಂದು ಕೇಳ್ತವೆ, ಕೊಡಬೇಡ. ಅಪ್ಪನ ಫೋನ್ ತಗೊಳ್ಳೋದಾದ್ರೆ ಮಂಡಿ ವ್ಯವಹಾರ ಮುಗಿದ ಮೇಲೆ, ಅವರನ್ನ ಕೇಳಿ ತಗೋ.